ಮೊದಲು ಹಿಂಜಸ್, ಆಮೇಲೆ ಕಿಟ್

ಕೇಳುಗರಿಗೆ ನಮಸ್ಕಾರ.

ಮಧ್ಯಾಹ್ನದ ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರು ಯಾರು ಎಂದು ನನಗೆ ಚೆನ್ನಾಗಿ ಗೊತ್ತು. ಬುತ್ತಿ ಬಿಚ್ಚಿ ಉಂಡು, ರಂದಾ ಹೊಡೆದ ಸಿಪ್ಪೆಯ ಮೇಲೆ ಬೆನ್ನು ಚಾಚಿದ ನಮ್ಮ ಬಡಿಗೇರರು. ಮನೆ ಕಟ್ಟಿಸಿ, ಬಾಗಿಲು ಕೂರಿಸುವುದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಯಜಮಾನರು. ಹೊಸದಾಗಿ ಮರ ಕಡಿಯುವ ಟ್ರಿಮ್ಮರ್ ಮಷೀನ್ ಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕೈ ತುರಿಸುತ್ತಿರುವ ಹುಡುಗರು. ನಿಮ್ಮೆಲ್ಲರಿಗೂ ಇವತ್ತು ನನ್ನದು ಒಂದೇ ಮಾತು. ಬಾಗಿಲಿಗೆ ಕಚ್ಚು ಹೊಡೆಯುವ ಕಿಟ್ ಕೊಳ್ಳುವ ಮೊದಲು ಹಿಂಜಸ್ ಕೊಳ್ಳಿ. ಆ ಹಿಂಜಸ್ ಕಿಸೆಯಲ್ಲಿಟ್ಟುಕೊಂಡು ಕಿಟ್ ನೋಡಲು ಹೋಗಿ.

ಹಿಂಜಸ್ ಎಂದರೆ ಗೊತ್ತಲ್ವಾ? ಕೆಲವರು ಬಿಜಾಗರಿ ಎನ್ನುತ್ತಾರೆ, ಕೆಲವರು ಕಬ್ಜಾ ಎನ್ನುತ್ತಾರೆ. ಅಂಗಡಿಯಲ್ಲಿ ಒಂದೇ ಇದ್ದರೂ ಹಿಂಜಸ್ಸೇ. ಆನೆಗೊಂದಿ ಕಡೆ ಹಳೇ ಮನೆಗಳಲ್ಲಿ ಇದ್ಯಾವುದೂ ಇರಲಿಲ್ಲ. ಕದಕ್ಕೇ ಮೇಲೊಂದು ಕೆಳಗೊಂದು ಗೂಟ ಬಿಟ್ಟಿರುತ್ತಿದ್ದರು. ಕೆಳಗಿನ ಗೂಟ ಹೊಸ್ತಿಲ ಕುಳಿಯಲ್ಲಿ ಕಿರ್ರೆಂದು ತಿರುಗುತ್ತಿತ್ತು. ಎರಡು ಹನಿ ಎಣ್ಣೆ ಬಿಟ್ಟರೆ ಆಯಿತು. ಈಗ ಕದ ಬೇರೆ, ಚೌಕಟ್ಟು ಬೇರೆ, ನಡುವೆ ಹಿಂಜಸ್. ಅದರ ಒಂದು ರೆಕ್ಕೆ ಕದದ ಅಂಚಿನಲ್ಲಿ, ಇನ್ನೊಂದು ಚೌಕಟ್ಟಿನಲ್ಲಿ, ಮರದ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಅದಕ್ಕಾಗಿ ತೆಗೆಯುವ ತಗ್ಗೇ ಕಚ್ಚು.

ನಮ್ಮ ತಂದೆಯವರು ಇದನ್ನು ಉಳಿ, ಕೊಡತಿಯಲ್ಲಿ ಹೊಡೆಯುತ್ತಿದ್ದರು. ನಾನೂ ಅದರಲ್ಲೇ ಕಲಿತವನು. ಒಂದು ಕಚ್ಚಿಗೆ ಕಾಲು ಗಂಟೆ. ಮಷೀನ್ ಮತ್ತು ಟೆಂಪ್ಲೇಟ್ ಇದ್ದರೆ ಎರಡು ನಿಮಿಷ. ಟೆಂಪ್ಲೇಟ್ ಎಂದರೆ ಫರ್ಮಾ, ಅಷ್ಟೇ. ಕಿಟ್ ಎಂದು ಮಾರುವುದೂ ಇದನ್ನೇ. ತಟ್ಟೆಯಲ್ಲಿ ಹಿಂಜಸ್ ಆಕಾರದ ಕಿಂಡಿ. ತಟ್ಟೆಯನ್ನು ಕದಕ್ಕೆ ಬಿಗಿದು, ಕಿಂಡಿಯೊಳಗೆ ಮಷೀನ್ ಓಡಿಸಿದರೆ ಕಿಂಡಿ ಹೇಗಿದೆಯೋ ಕಚ್ಚೂ ಹಾಗೆ. ಕಿಂಡಿ ತಪ್ಪಿದ್ದರೆ ಕಚ್ಚೂ ತಪ್ಪು. ಉಳಿ ತಪ್ಪಿದರೆ ಒಂದು ಕಚ್ಚು ಕೆಡುತ್ತದೆ. ಫರ್ಮಾ ತಪ್ಪಿದರೆ ಇಡೀ ಮನೆಯ ಕಚ್ಚು ಕೆಡುತ್ತದೆ. ಹೇಗೆ ಎನ್ನುತ್ತೀರಾ? ಕೆಡಿಸಿದವನು ನಾನೇ. ಹೇಳುತ್ತೇನೆ ಕೇಳಿ.

ಹದಿನೈದು ವರ್ಷದ ಹಿಂದಿನ ಮಾತು. ಕಾರಟಗಿ ಕಡೆ ಒಂದು ದೊಡ್ಡ ಮನೆ. ಒಂಬತ್ತು ಬಾಗಿಲು, ಎಲ್ಲವೂ ಸಾಗವಾನಿ. ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿತ್ತು. ಆಗಷ್ಟೇ ನಾನು ಬೆಂಗಳೂರಿನಿಂದ ಒಂದು ಕಿಟ್ ತರಿಸಿದ್ದೆ. ಪರದೇಶದ ಮಾಲು. ನಮ್ಮ ಊರಿನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಅದನ್ನು ತೋರಿಸುವುದೇ ನನಗೊಂದು ಹುಚ್ಚು. ಹಿಂಜಸ್ ಇನ್ನೂ ಬಂದಿರಲಿಲ್ಲ. ಯಜಮಾನರು ಹುಬ್ಬಳ್ಳಿಯಿಂದ ತರುತ್ತೇನೆ ಎಂದಿದ್ದರು. "ಎಷ್ಟು ಇಂಚಿಂದು ತರ್ತೀರಿ ಸಾವ್ಕಾರ್ರೇ?" ಎಂದು ಕೇಳಿದೆ. "ನಾಕಿಂಚು" ಎಂದರು. ನನ್ನ ಕಿಟ್ಟೂ ನಾಲ್ಕಿಂಚಿನದು. ಇನ್ನೇನು ಬೇಕು? ಸುಮ್ನೆ ಯಾಕೆ ಕಾಯುವುದು ಎಂದು ಮಷೀನ್ ಹಚ್ಚಿಬಿಟ್ಟೆ.

ಒಂಬತ್ತು ಬಾಗಿಲು, ಬಾಗಿಲಿಗೆ ಮೂರು ಹಿಂಜಸ್, ಕದದಲ್ಲೊಂದು ಚೌಕಟ್ಟಿನಲ್ಲೊಂದು. ಲೆಕ್ಕ ಹಾಕಿ, 54 ಕಚ್ಚು. ಸಂಜೆಯೊಳಗೆ ಮುಗಿಸಿದೆ. ಕೆಲಸದ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನೂ ಮೀಸೆ ಮೇಲೆ ಕೈ ಹಾಕಿದೆ.

ಮರುದಿನ ಹಿಂಜಸ್ ಬಂತು. ಡಬ್ಬಿಯ ಮೇಲೆ ನಾಲ್ಕಿಂಚು ಎಂದೇ ಇತ್ತು. ತೆಗೆದು ಕಚ್ಚಿನಲ್ಲಿ ಇಟ್ಟರೆ ಅತ್ತಿತ್ತ ಆಡುತ್ತಿದೆ! ನಾಲ್ಕಿಂಚು ಎಂದರೆ ಲೆಕ್ಕದ ಪ್ರಕಾರ 101.6 ಮಿಲಿಮೀಟರ್. ಕಿಟ್ ಮಾಡಿದವನು ಆ ಲೆಕ್ಕದಲ್ಲಿ, ತುಸು ಸಡಿಲ ಬಿಟ್ಟು ಕಿಂಡಿ ಮಾಡಿದ್ದ. ನನ್ನ ಕಚ್ಚು 102 ಇತ್ತು. ಬಂದ ಹಿಂಜಸ್ಸೋ, ಹೆಸರಿಗೆ ನಾಲ್ಕಿಂಚು, ಅಳೆದರೆ 100. ನಮ್ಮ ಅಂಗಡಿಗಳಲ್ಲಿ ನಾಲ್ಕಿಂಚು ಎಂದು ಕೊಡುವುದು ಬಹಳ ಸಲ ಇದೇ 100 ಮಿಲಿಮೀಟರಿನದು. ಎರಡು ಮಿಲಿಮೀಟರ್ ಸಂದಿ. ದೂರದಿಂದ ಕಾಣುವುದಿಲ್ಲ, ಹತ್ತಿರ ಹೋದರೆ ಕಣ್ಣಿಗೆ ಚುಚ್ಚುತ್ತದೆ.

ಅದು ಹೋಗಲಿ ಎಂದರೆ ದಪ್ಪವೂ ತಪ್ಪಿತ್ತು. ನಾನು 3 ಮಿಲಿಮೀಟರ್ ಆಳ ತೆಗೆದಿದ್ದೆ. ರೆಕ್ಕೆಯ ದಪ್ಪ ಎರಡೂವರೆ. ಅರ್ಧ ಮಿಲಿಮೀಟರ್ ತಾನೆ ಎನ್ನಬೇಡಿ. ಕದದಲ್ಲಿ ಅರ್ಧ, ಚೌಕಟ್ಟಿನಲ್ಲಿ ಅರ್ಧ, ಎರಡೂ ಸೇರಿ ಕದ ಒಂದು ಮಿಲಿಮೀಟರ್ ಚೌಕಟ್ಟಿನ ಕಡೆ ಸರಿಯಿತು. ಹಿಂಜಸ್ ಬದಿಯಲ್ಲಿ ಇದ್ದ ಸಂದಿಯೇ ಹೆಚ್ಚುಕಡಿಮೆ ಹೋಯಿತು. ಬಾಗಿಲು ಹಾಕಿದರೆ ಪೂರ್ತಿ ಕೂರುವುದಿಲ್ಲ. ಒತ್ತಿದರೆ ಸ್ಪ್ರಿಂಗಿನ ಹಾಗೆ ಮತ್ತೆ ತೆರೆದುಕೊಳ್ಳುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಸ್ಕ್ರೂ ಕಿತ್ತು ಬರುತ್ತದೆ. ಇನ್ನು ಕಚ್ಚಿನ ಮೂಲೆಗಳ ಕಥೆ. ಮಷೀನಿನಲ್ಲಿ ತಿರುಗುವ ಅಲಗು, ಅಂದರೆ ಬಿಟ್, ಮೂಲೆಯನ್ನು ದುಂಡಗೆ ಬಿಡುತ್ತದೆ. ಅಮೆರಿಕದಲ್ಲಿ ಅದಕ್ಕೆಂದೇ ಮೂಲೆ ದುಂಡಾದ ಹಿಂಜಸ್ಸೂ ಸಿಗುತ್ತದೆ. ನಮ್ಮದು ಚೌಕ ಮೂಲೆ. ಕಚ್ಚಿಗೆ ಎರಡರಂತೆ 108 ಮೂಲೆ. ಅಷ್ಟನ್ನೂ ಉಳಿ ಹಿಡಿದು ಚೌಕ ಮಾಡಿದೆವು. ಎರಡು ನಿಮಿಷದ ಮಷೀನ್ ಕೆಲಸಕ್ಕೆ ಎರಡು ದಿನ ಉಳಿ ಕೆಲಸ.

ಆಳ ಜಾಸ್ತಿಯಾದ ಕಚ್ಚಿಗೆ ಏನು ಮಾಡುವುದು? ಅಡಿಯಲ್ಲಿ ಪ್ಯಾಕಿಂಗ್ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಯಾವ ಅಂಗಡಿ ತೆರೆದಿರುತ್ತದೆ? ಮೂಲೆಯಲ್ಲಿ ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಉಳಿದ ಕಟ್ಟು ಕಂಡಿತು. ದಪ್ಪ ಕಾಗದ, ಬಂಗಾರದ ಬಣ್ಣದ ಗಣಪತಿ. ಗಣಪತಿಯನ್ನು ಬಿಟ್ಟು ಉಳಿದ ಭಾಗ ಕತ್ತರಿಸಿ, 54 ಕಚ್ಚಿಗೂ ಹಾಕಿದೆವು. ಎರಡು ಮಿಲಿಮೀಟರ್ ಸಂದಿಗೆ ಸಾಗವಾನಿ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆವು. ಒಣಗಿದ ಮೇಲೆ ಅದು ಮರಕ್ಕಿಂತ ಕಪ್ಪಾಯಿತು. ಗೃಹಪ್ರವೇಶದ ದಿನ ಯಜಮಾನರ ತಾಯಿ, ಎಂಬತ್ತು ದಾಟಿದ ಮುದುಕಿ, ದೇವರ ಮನೆ ಬಾಗಿಲ ಮೇಲೆ ಬೆರಳು ಆಡಿಸುತ್ತಾ ಬಂದವಳು ಹಿಂಜಸ್ ಹತ್ತಿರ ನಿಂತಳು. "ಏನೋ ತಮ್ಮಾ, ಬಿಜಾಗರಿಗೂ ದಡಿ ಹಚ್ಚೀಯೇನು?" ಎಂದು ಕೇಳಿದಳು. ಸೀರೆಗೆ ಇರುವ ಹಾಗೆ ದಡಿ! ಸುತ್ತಲಿದ್ದವರೆಲ್ಲ ನಕ್ಕರು. ನಾನು ಹೋಳಿಗೆ ಊಟಕ್ಕೂ ನಿಲ್ಲದೆ ಬಂದುಬಿಟ್ಟೆ.

ಕಥೆ ಉದ್ದವಾಯಿತು. ನನಗೆ ಕೊಟ್ಟ ಸಮಯದಲ್ಲಿ ಅರ್ಧ ಇದಕ್ಕೇ ಹೋಯಿತು. ಆದರೆ ಹೇಳದೆ ಇದ್ದರೆ ನೀವು ಕೇಳುತ್ತಿರಲಿಲ್ಲ. ನನ್ನ ಅಂಗಡಿಗೆ ಬರುವ ಹುಡುಗರು ಕೇಳುವುದು ಒಂದೇ ಪ್ರಶ್ನೆ, "ಅಣ್ಣಾ, ಯಾವ ಕಂಪನಿ ಕಿಟ್ ಚಲೋ?" ಕಂಪನಿ ಹೆಸರು ನಾನು ಹೇಳುವುದಿಲ್ಲ. ನಾನು ತಿರುಗಿ ಕೇಳುವುದು, "ನಿನ್ನ ಹಿಂಜಸ್ ಎಲ್ಲಿ?" ಕಿಸೆಯಲ್ಲಿ ಮೊಬೈಲ್ ಇರುತ್ತದೆ, ಹಿಂಜಸ್ ಇರುವುದಿಲ್ಲ.

ಹಿಂಜಸ್ ಇದ್ದರೆ, ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಹಿಡಿದು ಮೂರು ಅಳತೆ ತೆಗೆಯಿರಿ. ಉದ್ದ, ರೆಕ್ಕೆಯ ಅಗಲ, ರೆಕ್ಕೆಯ ದಪ್ಪ. ಟೇಪಿನಲ್ಲಿ ಅಳೆಯಬೇಡಿ, ಅರ್ಧ ಮಿಲಿಮೀಟರ್ ಟೇಪಿಗೆ ಸಿಗುವುದಿಲ್ಲ. ಆಮೇಲೆ ಕದದ ದಪ್ಪ. ನಮ್ಮಲ್ಲಿ ಒಳಬಾಗಿಲು 30 ಅಥವಾ 35 ಮಿಲಿಮೀಟರ್ ಇರುತ್ತದೆ. ರೆಕ್ಕೆ ಕೂತ ಮೇಲೆ ಹಿಂದೆ 5 ಮಿಲಿಮೀಟರ್ ಮರವಾದರೂ ಉಳಿಯಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ.

ಇನ್ನು ಕಿಟ್. ಮೂರು ಥರ ಇದೆ. ಒಂದೇ ಅಳತೆಯ ಕಿಂಡಿ ಇರುವ ತಟ್ಟೆ. ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸಲು ಬರುವ ತಟ್ಟೆ. ಆಮೇಲೆ ಬಾಗಿಲಿನಷ್ಟೇ ಉದ್ದದ ಪಟ್ಟಿ, ಅದರಲ್ಲಿ ಮೂರು ಕಿಂಡಿ. ಮೂರನೆಯದು ನೋಡಲು ಬಹಳ ಚೆಂದ. ಆದರೆ ಅಮೆರಿಕದ್ದಾದರೆ ಅದು ಹೆಚ್ಚಾಗಿ 80 ಇಂಚಿನ ಬಾಗಿಲಿಗೆ ಮಾಡಿದ್ದು. ನಮ್ಮ ಏಳು ಅಡಿ ಬಾಗಿಲು 84 ಇಂಚು. ಒಂದೇ ಅಳತೆಯ ನೂರಾರು ಬಾಗಿಲು ಮಾಡುವ ಗುತ್ತಿಗೆದಾರರು ಕೊಳ್ಳಲಿ. ದಿನಕ್ಕೊಂದು ಮನೆ, ಮನೆಗೊಂದು ಥರ ಹಿಂಜಸ್ ನೋಡುವ ಬಡಿಗೇರರು ಎರಡನೆಯದನ್ನು ತೆಗೆದುಕೊಳ್ಳಿ. ಕೊಳ್ಳುವಾಗ ಅಂಗಡಿಯಲ್ಲೇ ಕಿಸೆಯ ಹಿಂಜಸ್ ತೆಗೆದು ಕಿಂಡಿಯಲ್ಲಿಟ್ಟು ತಿರುಪು ಬಿಗಿದು ನೋಡಿ. ಬಿಗಿದ ಮೇಲೂ ಜಾರಿದರೆ ಅಲ್ಲೇ ಬಿಟ್ಟು ಬನ್ನಿ.

ಕಿಂಡಿಯಲ್ಲಿ ಹಿಂಜಸ್ ಸಡಿಲವಾಗಿ ಕೂತರೆ ಗಾಬರಿ ಬೇಡ. ಇದು ಬಹಳ ಜನ ಎಡವುವ ಜಾಗ, ಸ್ವಲ್ಪ ಗಮನ ಕೊಡಿ. ಕೆಲವು ಕಿಟ್‌ಗಳು ಗೈಡ್ ಬುಷ್ ಬಳಸುತ್ತವೆ. ಮಷೀನಿನ ತಳಕ್ಕೆ ಹಾಕುವ ಉಂಗುರ ಅದು. ಉಂಗುರ ಕಿಂಡಿಯ ಗೋಡೆಗೆ ಉಜ್ಜಿಕೊಂಡು ಓಡುತ್ತದೆ, ಬಿಟ್ ಅದರೊಳಗೆ ತಿರುಗುತ್ತದೆ. ಉಂಗುರದ ಹೊರ ಅಳತೆ 16, ಬಿಟ್ 12 ಎಂದುಕೊಳ್ಳಿ. 16ರಲ್ಲಿ 12 ಕಳೆದರೆ 4, ಅದರ ಅರ್ಧ 2. ಅಂದರೆ ಗೋಡೆಯಿಂದ 2 ಮಿಲಿಮೀಟರ್ ಒಳಗೆ ಬಿಟ್ ಕಡಿಯುತ್ತದೆ. 100ರ ಹಿಂಜಸ್ಸಿಗೆ ಕಿಂಡಿ 104 ಇರಬೇಕು. ಬೇರಿಂಗ್ ಬಿಟ್ ಎಂದರೆ ಅಲಗಿನ ಮೇಲೆ ಅಲಗಿನಷ್ಟೇ ಅಗಲದ ಬೇರಿಂಗ್ ಇರುವ ಬಿಟ್, ಅದಕ್ಕೆ ಬುಷ್ ಬೇಡ. ಅದೇ ಕಿಂಡಿಯಲ್ಲಿ ಬೇರಿಂಗ್ ಬಿಟ್ ಓಡಿಸಿದಿರೋ, ಕಚ್ಚು 104 ಆಗುತ್ತದೆ. ಮುದುಕಿ ಮತ್ತೆ ದಡಿ ಕೇಳುತ್ತಾಳೆ. ಬೇರಿಂಗ್ ಬಿಟ್ಟಿಗೆ ಕಿಂಡಿ ಹಿಂಜಸ್ಸಿನಷ್ಟೇ ಇರಬೇಕು. ಯಾವ ಬುಷ್, ಯಾವ ಬಿಟ್ ಎಂದು ಕಿಟ್ಟಿನಲ್ಲಿ ಬರೆದಿರುತ್ತದೆ. ಓದಿ. ಓದಲು ಯಾಕೆ ಇಷ್ಟು ಬೇಸರವೋ ನಮಗೆ!

ಬೇರಿಂಗ್ ಬಿಟ್ ತೆಗೆದುಕೊಂಡರೆ ಅಲಗು ಗಿಡ್ಡ ಇರಲಿ. ಕಚ್ಚಿನ ಆಳ ಎರಡೂವರೆ, ಮೂರು ಮಿಲಿಮೀಟರ್ ಅಷ್ಟೇ. ಅಲಗು 25 ಇದ್ದು, ಫರ್ಮಾ 12ರ ದಪ್ಪ ಇದ್ದರೆ ಬೇರಿಂಗ್ ಫರ್ಮಾಕ್ಕೆ ತಾಗದೆ ಮೇಲೇ ತಿರುಗುತ್ತದೆ, ಅಲಗು ಫರ್ಮಾವನ್ನೇ ತಿಂದು ಹಾಕುತ್ತದೆ. ಬಿಟ್ಟಿನ ದಂಡವನ್ನೂ ನೋಡಿ. 6 ಮಿಲಿಮೀಟರ್ ಬೇರೆ, ಕಾಲಿಂಚು ಬೇರೆ. ಕಾಲಿಂಚು ಎಂದರೆ 6.35. ದಂಡವನ್ನು ಹಿಡಿಯುವ ಕಾಲೆಟ್ ಕಾಲಿಂಚಿನದಿದ್ದು, ಅದಕ್ಕೆ 6ರ ಬಿಟ್ ಹಾಕಿ ಬಿಗಿದರೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಓಡುವಾಗ ಜಾರುತ್ತದೆ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುವ ಉಕ್ಕು ಅದು. ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕದೆ ಮಷೀನ್ ಮುಟ್ಟಬೇಡಿ.

ಚೌಕಟ್ಟಿನ ಬಗ್ಗೆ ಒಂದು ಮಾತು. ನಮ್ಮ ಚೌಕಟ್ಟಿನಲ್ಲಿ ಕದ ಕೂರಲು ಮೆಟ್ಟಿಲಿನ ಹಾಗೆ ರಿಬೇಟ್ ತೆಗೆದಿರುತ್ತೇವೆ. ಪರದೇಶದ ಕಿಟ್‌ಗಳು ಹೆಚ್ಚಾಗಿ ಚಪ್ಪಟೆ ಚೌಕಟ್ಟಿಗೆ ಮಾಡಿದವು. ಅಗಲವಾದ ತಟ್ಟೆ ಆ ಮೆಟ್ಟಿಲಿಗೆ ಬಡಿದು ಕೂರುವುದೇ ಇಲ್ಲ. ತಟ್ಟೆ ಕೂತರೂ, ಅದಕ್ಕಿಂತ ಮೆಟ್ಟಿಲು ಎತ್ತರವಿದ್ದರೆ ಮಷೀನಿನ ತಳ ತಾಗುತ್ತದೆ. ಹಾಗಾಗಿ ಹಿಂಜಸ್ ಜೊತೆ ರಿಬೇಟ್ ತೆಗೆದ ಚೌಕಟ್ಟಿನ ಗೇಣುದ್ದ ತುಂಡನ್ನೂ ಚೀಲದಲ್ಲಿ ಒಯ್ಯಿರಿ. ಅಂಗಡಿಯವನು ನಕ್ಕರೆ ನಗಲಿ.

ಇನ್ನು ಮನೆ ಯಜಮಾನರಿಗೆ. ಎರಡು ಮೂರು ಬಾಗಿಲಿಗಾಗಿ ಕಿಟ್ ಕೊಳ್ಳಲೇಬೇಡಿ. 12 ಮಿಲಿಮೀಟರ್ ಪ್ಲೈವುಡ್ ತುಂಡಿನಲ್ಲಿ ಬಡಿಗೇರರ ಕೈಯಿಂದಲೇ ಬೇರಿಂಗ್ ಬಿಟ್ಟಿಗೆ ಫರ್ಮಾ ಮಾಡಿಸಿ. ಹಿಂಜಸ್ ಮೇಲಿಟ್ಟು ಗೀಟು ಹಾಕಿ, ಕಿಂಡಿ ಕತ್ತರಿಸಿ, ಅಂಚಿಗೆ ಒಂದು ಪಟ್ಟಿ ಹೊಡೆದರೆ ಮುಗಿಯಿತು. ನನ್ನ ಅಂಗಡಿಯ ಗೋಡೆಗೆ ಇಂಥವು ಹದಿನಾರು ತೂಗುತ್ತಿವೆ. ಪ್ರತಿಯೊಂದರ ಜೊತೆ ತಂತಿಯಲ್ಲಿ ಅದರ ಹಿಂಜಸ್ಸನ್ನೂ ಕಟ್ಟಿದ್ದೇನೆ.

ಹೊಡೆಯುವ ಮೊದಲು ರದ್ದಿ ಮರದ ಮೇಲೆ ಒಂದು ಕಚ್ಚು ಹೊಡೆದು ಹಿಂಜಸ್ ಇಟ್ಟು ಬೆರಳು ಆಡಿಸಿ. ಬೆರಳಿಗೆ ಏನೂ ತಡೆಯದಿದ್ದರೆ ಸರಿ. ನಮ್ಮ ಬೇಸಿಗೆಯ ಬಿಸಿಲಿಗೆ ಕದ ಒಣಗಿ ಕುಗ್ಗಿರುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಾಗಿಲು ಕೂರಿಸುವವರು ಬೀಗದ ಬದಿಗೆ 3 ಮಿಲಿಮೀಟರ್ ಸಂದಿ ಬಿಡಿ. ಹಿಂಜಸ್ ಜಾಗ ಮೇಲಿನಿಂದ 7 ಇಂಚು, ಕೆಳಗಿನಿಂದ 10, ಮೂರನೆಯದು ನಡುವೆ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಿರಿ, ಸುತ್ತಿಗೆಯಿಂದ ಹೊಡೆಯಬೇಡಿ. ಇದರ ಬಗ್ಗೆ ಹೇಳುವುದು ಬಹಳ ಇತ್ತು, ಸಮಯ ಇಲ್ಲ.

ಕುಷ್ಟಗಿ ಕಡೆಯವರು ಒಬ್ಬರು ಗ್ರಾನೈಟ್ ಚೌಕಟ್ಟಿಗೆ ಈ ಕಿಟ್ ನಡೆಯುತ್ತದಾ ಎಂದು ಕೇಳಿದ್ದರು. ನಡೆಯುವುದಿಲ್ಲ. ಬಿಟ್ ಹೋಗುತ್ತದೆ, ಮಷೀನೂ ಹೋಗುತ್ತದೆ. ಅದು ಕಲ್ಲಿನವರ ಕೆಲಸ, ಅವರನ್ನೇ ಕರೆಸಿ. ಅವರಿಗೂ ಮೊದಲು ಹಿಂಜಸ್ ಕೊಟ್ಟುಬಿಡಿ.

ನಮಸ್ಕಾರ.