ಆಮೆನ್ ಹೇಳುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ವಾರಕ್ಕೆ ಮೂರು-ನಾಲ್ಕು ರಾತ್ರಿ ನಮ್ಮ ಮನೆಯಲ್ಲಿ ಅನ್ನಕ್ಕಿಡುವವನು ನಾನು. ನನ್ನ ಹೆಂಡತಿ ನರ್ಸ್. ರಾತ್ರಿ ಪಾಳಿ ಇದ್ದ ದಿನ ಸಂಜೆ ಏಳಕ್ಕೆಲ್ಲ ಡಬ್ಬಿ ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಆಮೇಲೆ ಮುಂಬಯಿಯ ಬೊರಿವಲಿಯ ಆ ಪುಟ್ಟ ಮನೆಯಲ್ಲಿ ಉಳಿಯೋದು ನಾವು ಮೂವರು. ನಾನು, ಎಂಟು ವರ್ಷದ ಮಗಳು, ಐದು ವರ್ಷದ ಮಗ.

ಅವತ್ತು ಕುಕ್ಕರಿನ ಗ್ಯಾಸ್ಕೆಟ್ ಕೈಕೊಟ್ಟಿತ್ತು. ಪಾತ್ರೆಯಲ್ಲೇ ಅನ್ನಕ್ಕಿಟ್ಟು, ಮಗಳ ಮರಾಠಿ ಹೋಮ್‌ವರ್ಕ್ ನೋಡುತ್ತಾ ಕೂತೆ. ಮರಾಠಿ ಅವಳಿಗಿಂತ ನನಗೇ ಕಷ್ಟ. ವಾಸನೆ ಬಂದಾಗ ಓಡಿದೆ, ಅಷ್ಟರಲ್ಲಿ ತಳ ಹೊತ್ತಿತ್ತು. ಮೇಲುಮೇಲಿನ ಅನ್ನ ತೆಗೆದು ಬಡಿಸಿದೆ. ಆದರೂ ಆ ವಾಸನೆ ಎಲ್ಲಿಗೆ ಹೋಗುತ್ತೆ? ಮೂವರೂ ಕೈ ಮುಗಿದು, ಕಣ್ಣು ಮುಚ್ಚಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಶುರುಮಾಡಿದೆವು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅನ್ನೋ ಸಾಲು ಬಂತು. ಮಗ ಕಣ್ಣು ಬಿಟ್ಟ.

"ಪಪ್ಪಾ, ನಾವೇ ಕೇಳಿದ್ವಾ?"

"ಏನನ್ನೋ?"

"ಹೊತ್ತಿದ್ದನ್ನ."

ಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. ನನಗೂ ನಗು ತಡೆಯಲಾಗಲಿಲ್ಲ. ಪ್ರಾರ್ಥನೆ ಅಲ್ಲಿಗೇ ನಿಂತಿತು. ಮತ್ತೆ ಮೊದಲಿನಿಂದ ಹೇಳೋಣ ಅಂದರೆ ಆ ಸಾಲು ಹತ್ತಿರ ಬಂದ ಹಾಗೆ ಮೂವರ ಭುಜವೂ ಕುಣಿಯೋದು.

ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಕಿಟೆಲ್ ಕೋಶ ತೆಗೆದು ನೋಡಿದೆ. ಈಗ ಅದರ ಸ್ಕ್ಯಾನ್ ಮಾಡಿದ ಪುಟಗಳು ಸುಲಭವಾಗಿ ಸಿಗುತ್ತವೆ. ಹೊತ್ತು ಅಂದರೆ ಸಮಯ, ಸೂರ್ಯ. ಹೊತ್ತು ಅಂದರೆ ಬೆಂಕಿ ಹತ್ತುವುದು, ಪಾತ್ರೆಯಲ್ಲಿ ಅನ್ನ ಸೀಯುವುದು ಕೂಡ. ನನ್ನ ಮಗ ಹೇಳಿದ್ದು ತಪ್ಪಲ್ಲ! ನಾವು ದಿನಾ ಅನ್ನೋ 'ಇವತ್ತು' ಇದೆಯಲ್ಲ, ಅದು ಈ ಹೊತ್ತು ಅನ್ನೋದೇ ಸವೆದು ಸವೆದು ಆದ ಮಾತು. ಕಿಟೆಲ್ ಸಾಹೇಬರು ಬಾಸೆಲ್ ಮಿಷನ್ನಿನ ಪಾದ್ರಿ. ಜರ್ಮನಿಯಿಂದ ಬಂದವರು. ಧರ್ಮಬೋಧನೆಗೆ ಅಂತ ಬಂದವರು ಕನ್ನಡದ ಬೆನ್ನು ಹತ್ತಿ, 1894ರಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ನಿಘಂಟು ಕೊಟ್ಟರು. ಸೀದ ಅನ್ನವನ್ನೂ ಬಿಡದೆ ಬರೆದುಕೊಂಡಿದ್ದಾರಲ್ಲ, ಅದು ಯಾರ ಮನೆಯ ಅಡುಗೆಮನೆಯಲ್ಲಿ ಕಿವಿಗೆ ಬಿದ್ದಿತ್ತೋ ಏನೋ.

ನಮ್ಮದು ಗದಗ-ಬೆಟಗೇರಿ. ನೇಕಾರರ ಊರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ನಮ್ಮ ಕಡೆಗೂ ಬಂದರು. ನನ್ನ ಅವ್ವ ಹಾಡುವ ಕೀರ್ತನೆಗಳಲ್ಲಿ ಎಷ್ಟೋ ಹಾಡಿಗೆ ಜರ್ಮನ್ ರಾಗ, ಮಾತು ಮಾತ್ರ ಅಚ್ಚ ಕನ್ನಡ. ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು. ರೊಟ್ಟಿ ಬಡಿಯುವ ತಾಳಕ್ಕೆ ಆ ರಾಗ ಹೊಂದುತ್ತಲೇ ಇರಲಿಲ್ಲ, ಆದರೂ ಹಾಡುತ್ತಿದ್ದಳು.

ಅವ್ವ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. "ಏನಪಾ, ಮಕ್ಕಳು ಪ್ರಾರ್ಥನಿ ಮಾಡ್ತಾವೇನು?" "ಮಾಡ್ತಾರವ್ವ." "ಕನ್ನಡದಾಗ?" "ಕನ್ನಡದಾಗ." ಅಲ್ಲಿಗೆ ಅವಳಿಗೆ ಸಮಾಧಾನ. ಊಟದ ಪ್ರಾರ್ಥನೆ, ರಾತ್ರಿಯ ಪ್ರಾರ್ಥನೆ ಎರಡನ್ನೂ ಸೇರಿಸಿ ನಾವು ಒಂದೇ ಮಾಡಿಬಿಟ್ಟಿದ್ದೇವೆ ಅನ್ನೋದು ಅವಳಿಗೆ ಗೊತ್ತಿಲ್ಲ. ಈಗ ರೇಡಿಯೋ ಕೇಳಿದರೆ ಗೊತ್ತಾಗುತ್ತೆ.

ಕನ್ನಡದಲ್ಲೇ ಯಾಕೆ ಅಂತ ನೀವು ಕೇಳಬಹುದು. ಮಕ್ಕಳ ಶಾಲೆ ಇಂಗ್ಲಿಷಿನಲ್ಲಿ. ಕೆಳಗೆ ಆಟ ಹಿಂದಿಯಲ್ಲಿ. ಪಕ್ಕದ ಮನೆಯ ಆಜಿ ಜೊತೆ ಮರಾಠಿ. ಮನೆಯಲ್ಲಿ ನಮ್ಮ ಕನ್ನಡ ಅಂದರೆ ಹಲ್ಲುಜ್ಜು, ಬ್ಯಾಗ್ ತಗೋ, ಟೀವಿ ಆಫ್ ಮಾಡು. ಬೈಯೋದಕ್ಕೆ ಬೇಕಾದಷ್ಟು ಕನ್ನಡ, ಅಷ್ಟೇ. ದಯಪಾಲಿಸು, ಪರಿಶುದ್ಧ, ನೆರವೇರಲಿ ಇಂಥ ಮಾತುಗಳು ಮಕ್ಕಳ ಬಾಯಿಗೆ ಬರೋದು ರಾತ್ರಿಯ ಆ ಹತ್ತು ನಿಮಿಷದಲ್ಲಿ ಮಾತ್ರ. ಅರ್ಥ ಆಗುತ್ತಾ? ಅರ್ಧಕ್ಕರ್ಧ ಆಗೋದಿಲ್ಲ. ನನಗೂ ಅವರ ವಯಸ್ಸಿನಲ್ಲಿ ಆಗುತ್ತಿರಲಿಲ್ಲ. ನಾನು ಕೇಳದೆ ಬಾಯಿಪಾಠ ಮಾಡಿದೆ. ಇವರು ಕೇಳಿಯೇ ಕೇಳುತ್ತಾರೆ.

"ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲಿಯೂ ನೆರವೇರಲಿ" ಅಂತ ಒಂದು ಸಾಲಿದೆ. ಮಗ ಅದನ್ನು ಬಹಳ ದಿನ "ನಿನ್ನ ಚೀತಾವು" ಅಂತಲೇ ಹೇಳುತ್ತಿದ್ದ. ನನ್ನ ಕಿವಿಗೆ ಬಿದ್ದಿರಲಿಲ್ಲ. ನಮ್ಮ ಕಟ್ಟಡದಿಂದ ಸ್ವಲ್ಪ ದೂರದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಇಷ್ಟು ದೊಡ್ಡ ಶಹರದ ಮಧ್ಯೆ ಸುಮಾರು 104 ಚದರ ಕಿಲೋಮೀಟರ್ ಕಾಡು. ಅದರೊಳಗೆ ಚಿರತೆಗಳಿವೆ. ಒಮ್ಮೊಮ್ಮೆ ರಾತ್ರಿ ಹೊತ್ತು ಮನೆಗಳ ಕಡೆಗೂ ಬರುತ್ತವೆ. ಕೆಳಗೆ ಆಡುವ ಮಕ್ಕಳಿಗೆಲ್ಲ ಅದು ಚೀತಾ. ಚಿರತೆ ಬೇರೆ, ಚೀತಾ ಬೇರೆ ಅಂತ ಹೇಳಿ ನಾನು ಸೋತಿದ್ದೇನೆ. ಒಂದು ರಾತ್ರಿ ಮಗ ಮೆಲ್ಲಗೆ ಕೇಳಿದ, "ಪಪ್ಪಾ, ದೇವರ ಚೀತಾ ಪರಲೋಕದಲ್ಲೇ ಇರಲಿ. ಭೂಲೋಕಕ್ಕೆ ಬೇಡ ಅಂತ ಹೇಳಬಹುದಾ?"

ಪಾಪ, ಎಷ್ಟು ದಿನದಿಂದ ಹೆದರಿಕೊಂಡೇ ಕೈ ಮುಗಿಯುತ್ತಿದ್ದನೋ. ಚಿತ್ತ ಅಂದರೆ ಮನಸ್ಸು, ಇಷ್ಟ ಅಂತ ಹೇಳಿಕೊಟ್ಟೆ. "ಓಹ್, ಮರ್ಜಿ" ಅಂದಳು ಮಗಳು. ಹೌದು, ಮರ್ಜಿ. ನನಗಿಂತ ಚೆನ್ನಾಗಿ ಹೇಳಿದಳು.

ಭಾನುವಾರ ಸಂಜೆ ನಮಗೆ ಆರಾಧನೆ. ಕಟ್ಟಡ ಒಂದೇ, ಸಭೆಗಳು ಮೂರು. ಬೆಳಗ್ಗೆ ಇಂಗ್ಲಿಷಿನವರು, ಆಮೇಲೆ ಮರಾಠಿಯವರು, ಕೊನೆಗೆ ಕನ್ನಡದವರು. ಬೊರಿವಲಿಯಿಂದ ಚರ್ಚ್‌ಗೇಟ್ ಸುಮಾರು 34 ಕಿಲೋಮೀಟರ್. ಭಾನುವಾರ ಹಳಿ ರಿಪೇರಿಗೆ ಅಂತ ರೈಲು ಕಡಿಮೆ ಮಾಡುವ ಜಂಬೋ ಬ್ಲಾಕ್ ಬೇರೆ. ಮಕ್ಕಳನ್ನು ಶುಭ್ರವಾಗಿ ಹೊರಡಿಸಿದ್ದೇ ಬಂತು, ಇಳಿಯುವಾಗ ಇಸ್ತ್ರಿ ಎಲ್ಲಿ, ಜಡೆ ಎಲ್ಲಿ. ಚರ್ಚ್‌ಗೇಟಿನಲ್ಲಿ ಚರ್ಚೂ ಇಲ್ಲ, ಗೇಟೂ ಇಲ್ಲ ಅನ್ನೋದು ಮಗಳ ದೂರು. ಅದಕ್ಕೊಂದು ಕಥೆ ಇದೆ. ಹಿಂದೆ ಮುಂಬಯಿ ಕೋಟೆಗೆ ಬಾಗಿಲುಗಳಿದ್ದವು. 1718ರಲ್ಲಿ ಶುರುವಾದ ಸಂತ ಥಾಮಸರ ದೇವಾಲಯದ ಕಡೆಗೆ ಹೋಗುವ ಬಾಗಿಲಿಗೆ ಚರ್ಚ್ ಗೇಟ್ ಅಂತ ಹೆಸರು. 1860ರ ದಶಕದಲ್ಲಿ ಕೋಟೆ ಗೋಡೆ ಕೆಡವಿದರು. ಬಾಗಿಲು ಹೋಯಿತು, ಹೆಸರು ರೈಲಿಗೆ ಉಳಿಯಿತು. ದೇವಾಲಯ ಈಗಲೂ ಫೋರ್ಟಿನಲ್ಲಿದೆ. ಒಂದು ದಿನ ನಡೆಸಿಕೊಂಡು ಹೋಗಿ ತೋರಿಸಿದೆ. ಮಗ ಅರ್ಧ ದಾರಿ ನನ್ನ ಹೆಗಲ ಮೇಲೆ. ಇದೂ ಹೊತ್ತು!

ಕರ್ತನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಬೇಡಿಕೆ ಹೇಳುತ್ತಾರೆ. ಅಮ್ಮನ ವಾರ್ಡಿನಲ್ಲಿರುವ ಅಂಕಲ್‌ಗೆ ಬೇಗ ವಾಸಿಯಾಗಲಿ. ಆಜಿಯ ಬೆಕ್ಕು ಸಿಗಲಿ. ಮಳೆಗಾಲದಲ್ಲಿ ಒಮ್ಮೆ ನಮ್ಮ ಲಿಫ್ಟ್ ಕೆಟ್ಟಿತು. ನಮ್ಮದು ಆರನೇ ಮಾಳಿಗೆ. ಮಗ ಪ್ರತಿ ರಾತ್ರಿ ಲಿಫ್ಟಿಗಾಗಿ ಬೇಡಿದ. ಆರನೇ ದಿನ ಸರಿಯಾಯಿತು. ಖುಷಿಯೋ ಖುಷಿ. ನಾಲ್ಕು ದಿನ ಬಿಟ್ಟು ಮತ್ತೆ ಕೆಟ್ಟಾಗ ಅವನು ಮೆಟ್ಟಿಲ ಮೇಲೆ ಕೂತು ಅಳೋದಕ್ಕೆ ಶುರುಮಾಡಿದ. ಕಾಲು ನೋವಾ ಅಂದೆ. ಅಲ್ಲವಂತೆ. "ನೆನ್ನೆ ನಾನು ಪ್ರಾರ್ಥನೆ ಮಾಡಲಿಲ್ಲ ಪಪ್ಪಾ. ನಿದ್ದೆ ಬಂದಿತ್ತು."

ನನಗೆ ನಗು ಬರಲಿಲ್ಲ. ಐದು ವರ್ಷದ ಹುಡುಗ ಇಡೀ ಕಟ್ಟಡದ ಲಿಫ್ಟನ್ನು ತಲೆ ಮೇಲೆ ಹೊತ್ತುಕೊಂಡಿದ್ದ. ನಾವು ದೊಡ್ಡವರು ಬಾಯಿ ಬಿಟ್ಟು ಹೀಗೆ ಹೇಳಿರುವುದಿಲ್ಲ. ಆದರೂ ಹೇಗೋ ಅವರು ಹೀಗೆ ಕಲಿತುಬಿಡುತ್ತಾರೆ. ಅದು ನನ್ನನ್ನು ಈಗಲೂ ಕಾಡುತ್ತೆ. ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಲಿಫ್ಟ್ ನೋಡಿಕೊಳ್ಳೋದು ಸೊಸೈಟಿಯವರ ಕೆಲಸ, ಅದಕ್ಕೆ ಪಪ್ಪ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾನೆ, ನೀನು ನಿದ್ದೆ ಮಾಡಿದರೆ ದೇವರು ಲಿಫ್ಟ್ ಕೆಡಿಸೋದಿಲ್ಲ ಅಂದೆ. ಸ್ವಲ್ಪ ಯೋಚನೆ ಮಾಡಿ, "ಸೊಸೈಟಿಯವರಿಗೆ ಫೋನ್ ಮಾಡಿ ಹಾಗಾದ್ರೆ" ಅಂದ. ಮಾಡಿದೆ.

ಈಗ ಕ್ರಿಸ್‌ಮಸ್‌ಗೆ ತೂಗುಹಾಕುವ ನಕ್ಷತ್ರದ ವಿಷಯಕ್ಕೆ ಬರುತ್ತೇನೆ.

ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲು ಆಗಮನ ಕಾಲ, ಅಂದರೆ ಯೇಸುವಿನ ಹುಟ್ಟಿಗೆ ಕಾಯುವ ದಿನಗಳು, ಶುರು. ನಮ್ಮ ಕಟ್ಟಡದಲ್ಲಿ ದೀಪಾವಳಿಗೆ ಎಲ್ಲರ ಬಾಲ್ಕನಿಯಲ್ಲೂ ಕಂದೀಲು. ಆಜಿಯ ಮನೆಯಿಂದ ಫರಾಳದ, ಅಂದರೆ ಹಬ್ಬದ ತಿಂಡಿಯ, ತಟ್ಟೆ ಬರುತ್ತೆ, ಅದರಲ್ಲಿ ಕರಂಜಿ. ಡಿಸೆಂಬರಿನಲ್ಲಿ ಅದೇ ತಟ್ಟೆಯಲ್ಲಿ ನಾವು ಕರ್ಜಿಕಾಯಿ ಕಳಿಸುತ್ತೇವೆ. ಮೂರನೇ ಮಾಳಿಗೆಯ ಮಂಗಳೂರಿನ ಕೊಂಕಣಿಯವರು ನೆವ್ರಿ ಅಂತ ತರುತ್ತಾರೆ. ಮೂರು ಹೆಸರು, ತಿಂಡಿ ಒಂದೇ.

ಅಂಗಡಿಯಲ್ಲಿ ರೆಡಿ ನಕ್ಷತ್ರ ಸಿಗುತ್ತೆ. ಆದರೆ ಮಗಳಿಗೆ ಕೈಯಲ್ಲಿ ಮಾಡಿದ್ದೇ ಬೇಕು. ಐದೈದು ಬಿದಿರು ಕಡ್ಡಿಯಿಂದ ಎರಡು ನಕ್ಷತ್ರ ಕಟ್ಟಬೇಕು. ಒಂದರ ಮೇಲೊಂದು ಇಟ್ಟು ಐದು ತುದಿಯಲ್ಲೂ ದಾರ ಬಿಗಿಯಬೇಕು. ಆಮೇಲೆ ಮಧ್ಯದಲ್ಲಿ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿಕೊಂಡು ನಿಲ್ಲುತ್ತೆ. ಅದಕ್ಕೆ ಮೈದಾ ಅಂಟು ಹಚ್ಚಿ ಗಾಳಿಪಟದ ಕಾಗದ. ಎರಡು ಸಂಜೆ ಕೂತು ಮಾಡಿದಳು. ನಾಲಿಗೆ ತುದಿ ಹೊರಗೆ, ಕೂದಲಲ್ಲೆಲ್ಲ ಅಂಟು. ಒಣಗಲಿ ಅಂತ ನೆಲದ ಮೇಲೆ ಇಟ್ಟಿದ್ದಳು. ತಮ್ಮ ಬಾಲ್ ಹಿಂದೆ ಓಡಿ ಬಂದ. ಕಾಲು ಸೀದಾ ನಕ್ಷತ್ರದ ಹೊಟ್ಟೆಯೊಳಗೆ.

ಅವತ್ತು ರಾತ್ರಿ ಪ್ರಾರ್ಥನೆ. "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನೋವಾಗ ಮಗಳು ಬಾಯಿ ಮುಚ್ಚಿಕೊಂಡಳು. "ನಮ್ಮ ತಪ್ಪುಗಳನ್ನು ಕ್ಷಮಿಸು" ಅನ್ನೋದಕ್ಕೆ ಮಾತ್ರ ಜೋರಾಗಿ ಸೇರಿಕೊಂಡಳು.

"ಪಪ್ಪಾ! ಅಕ್ಕ ಚೀಟಿಂಗ್ ಮಾಡ್ತಿದಾಳೆ!"

"ನಾನು ಇವನನ್ನ ಕ್ಷಮಿಸಿಲ್ಲ. ಹೇಳಿದ್ರೆ ಸುಳ್ಳಾಗುತ್ತೆ" ಅಂದಳು ಅವಳು.

ಏನು ಹೇಳೋದು? ಹೇಳು ಅಂತ ಗದರಿಸಿದರೆ, ದೇವರ ಮುಂದೆ ಸುಳ್ಳು ಹೇಳು ಅಂದ ಹಾಗೆ. ಬಿಡು ಅಂದರೆ ತಮ್ಮನ ಮುಖ ನೋಡೋದಕ್ಕಾಗಲ್ಲ. ನಾನು ನಲವತ್ತು ವರ್ಷದಿಂದ ಈ ಸಾಲು ಹೇಳುತ್ತಿದ್ದೇನೆ. ಒಂದು ದಿನವೂ ಹೀಗೆ ನಿಲ್ಲಿಸಿ ನೋಡಿಲ್ಲ. ಹೆಂಡತಿಗೆ ಫೋನ್ ಮಾಡಿದೆ. "ಅದು ಒಂದೇ ವಾಕ್ಯ ಕಣ್ರೀ. ಹೇಳಿದರೆ ಪೂರ್ತಿ ಹೇಳಲಿ, ಇಲ್ಲ ಪೂರ್ತಿ ಬಿಡಲಿ. ಬಲವಂತ ಮಾಡಬೇಡಿ. ನನಗೆ ಪೇಷೆಂಟ್ ಕರೀತಿದ್ದಾರೆ" ಅಂತ ಇಟ್ಟುಬಿಟ್ಟಳು.

ಮಗಳು ಒಪ್ಪಿದಳು. ಪೂರ್ತಿ ಬಿಟ್ಟಳು. ಎರಡನೇ ರಾತ್ರಿಯೂ ಬಿಟ್ಟಳು. ಮೂರನೇ ರಾತ್ರಿಯೂ. ಆ ಸಾಲು ಬಂದಾಗ ನಮ್ಮಿಬ್ಬರ ದನಿ ಮಾತ್ರ. ಮಗ ಕಣ್ಣು ಮುಚ್ಚೋದನ್ನೇ ಬಿಟ್ಟ. ಅಕ್ಕನ ತುಟಿಯನ್ನೇ ನೋಡುತ್ತಾ ಹೇಳುವನು. ಈ ಮಧ್ಯೆ ಹರಿದ ಜಾಗಕ್ಕೆ ತೇಪೆ ಹಾಕಬೇಕಲ್ಲ, ಗಾಳಿಪಟದ ಕಾಗದ ಮುಗಿದಿತ್ತು. ಗೋಡೆಯ ಕ್ಯಾಲೆಂಡರಿನಿಂದ ನವೆಂಬರ್ ಹಾಳೆ ಹರಿದು, ಅವನೇ ತಂದು ಅವಳ ಮುಂದಿಟ್ಟ. ಅವಳು ಮಾತಾಡದೆ ಕತ್ತರಿಸಿ ಅಂಟಿಸಿದಳು. ಅವನು ಅಂಟಿನ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಐದನೇ ರಾತ್ರಿ ಬಾಲ್ಕನಿಯಲ್ಲಿ ನಕ್ಷತ್ರ ತೂಗುಹಾಕಿ ಬಲ್ಬ್ ಹಾಕಿದೆವು. ಕೆಂಪು ಕಾಗದದ ಮಧ್ಯೆ ತೇಪೆಯ ಜಾಗದಲ್ಲಿ 16, 17, 18 ಅಂತ ತಾರೀಖು ಹೊಳೆಯುತ್ತಿದ್ದವು. ಊಟಕ್ಕೆ ಕೂತೆವು. ಅನ್ನ ಹೊತ್ತಿರಲಿಲ್ಲ. ಮಗಳ ಕಣ್ಣು ಪ್ರಾರ್ಥನೆಯ ಮಧ್ಯೆಯೂ ಬಾಲ್ಕನಿ ಕಡೆಗೇ. ಬಾಯಿ ತನ್ನಷ್ಟಕ್ಕೆ ಓಡುತ್ತಿತ್ತು. ಅನುದಿನದ ಆಹಾರ ಆಯಿತು, ಮುಂದಿನ ಸಾಲಿಗೂ ಓಡಿತು. ಪೂರ್ತಿ ಹೇಳಿದ ಮೇಲೆ ಅವಳಿಗೆ ನೆನಪಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಹೇಳಿದಳು! ಪಪ್ಪಾ, ಹೇಳಿಬಿಟ್ಟಳು!" ಮಗ ತಟ್ಟೆಯ ಮುಂದೆ ಎದ್ದು ನಿಂತು ಕುಣಿಯುತ್ತಿದ್ದ.

"ಮರೆತು ಹೇಳಿದೆ" ಅಂದಳು.

"ಮರೆತು ಹೇಳಿದರೆ ನಡೆಯುತ್ತಾ ಪಪ್ಪಾ?"

ನಾನು ಹಪ್ಪಳ ಮುರಿದು ಇಬ್ಬರ ತಟ್ಟೆಗೂ ಹಾಕಿದೆ. ಇನ್ನೂ ಆಮೆನ್ ಹೇಳಿರಲಿಲ್ಲ.