ಕೊನೆಯ 3 ಕೆ.ಜಿ.

ಕೇಳುಗರಿಗೆ ನಮಸ್ಕಾರ.

160 ಸೆಂಟಿಮೀಟರ್ ಎತ್ತರದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. 75 ಕೆ.ಜಿ. ಇದ್ದವರು ಕಷ್ಟಪಟ್ಟು 62ಕ್ಕೆ ಇಳಿದಿದ್ದಾರೆ. 59 ಮುಟ್ಟಬೇಕು. ಊಟವೂ ಅದೇ, ನಡಿಗೆಯೂ ಅದೇ. ಆದರೆ ಒಂದು ತಿಂಗಳಿಂದ ತೂಕ ಕದಲುತ್ತಿಲ್ಲ. ರಾತ್ರಿ ಊಟ ಬಿಟ್ಟೇಬಿಡೋಣ ಅನ್ನಿಸುವುದು ಇಂಥ ಹೊತ್ತಿನಲ್ಲೇ. ದಯವಿಟ್ಟು ಬಿಡಬೇಡಿ, ಮೊದಲು ಲೆಕ್ಕ ನೋಡೋಣ.

75 ಕೆ.ಜಿ. ಇದ್ದಾಗ ಆ ದೇಹ ದಿನಕ್ಕೆ ಸುಮಾರು 2,000 ಕ್ಯಾಲೊರಿ ಖರ್ಚು ಮಾಡುತ್ತಿತ್ತು. 1,600ರಷ್ಟು ತಿಂದರೆ 400 ಕೊರತೆ ಬೀಳುತ್ತಿತ್ತು. ಈಗ ಹೊತ್ತು ತಿರುಗುವ ಭಾರವೇ ಕಡಿಮೆ, ಹಾಗಾಗಿ ಖರ್ಚು 1,700ರ ಆಸುಪಾಸಿಗೆ ಬಂದಿದೆ. ಅದೇ 1,600 ತಿಂದರೆ ಕೊರತೆ ಬರೀ 100. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು. ಅಂದರೆ ವಾರಕ್ಕೆ 90 ಗ್ರಾಂ ಇಳಿದರೆ ಹೆಚ್ಚು! ಭಾನುವಾರ ತುಪ್ಪ ಹಾಕಿಕೊಂಡು ಎರಡು ಹೋಳಿಗೆ, ಜೊತೆಗೆ ಒಂದಿಷ್ಟು ಕರಿದದ್ದು ತಿಂದರೆ ಆ ವಾರದ ಲಾಭವೆಲ್ಲ ಅಲ್ಲಿಗೆ ಮುಗಿಯಿತು.

ಈ 90 ಗ್ರಾಂ ತೂಕದ ಯಂತ್ರದಲ್ಲಿ ಕಾಣುವುದೂ ಕಷ್ಟ. ಹಿಂದಿನ ದಿನ ಹೋಟೆಲ್ ಊಟ, ಹಪ್ಪಳ, ಉಪ್ಪಿನಕಾಯಿ ತಿಂದಿದ್ದರೆ ನೀರು ನಿಂತು ಬೆಳಿಗ್ಗೆ ಒಂದು ಕೆ.ಜಿ. ಏರಿರಬಹುದು. ಮುಟ್ಟಿಗೆ ಮೊದಲಿನ ದಿನಗಳಲ್ಲೂ ಹಾಗೆಯೇ. ಹೊಸದಾಗಿ ವ್ಯಾಯಾಮ ಶುರುಮಾಡಿ ಮೈಕೈ ನೋವಿದ್ದರೂ ಹಾಗೆಯೇ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು ತೂಕ ನೋಡಿ. ಏಳು ದಿನದ ಅಂಕಿಗಳನ್ನು ಕೂಡಿ ಏಳರಿಂದ ಭಾಗಿಸಿ. ಹೆಂಗಸರು ಈ ಸರಾಸರಿಯನ್ನು ಹಿಂದಿನ ತಿಂಗಳ ಮುಟ್ಟಿನ ಅದೇ ವಾರದೊಂದಿಗೆ ಹೋಲಿಸಬೇಕು. ಹೊಕ್ಕುಳ ಮಟ್ಟದಲ್ಲಿ ಟೇಪಿನಿಂದ ಸುತ್ತಳತೆಯನ್ನೂ ಬರೆದಿಡಿ. ನಾಲ್ಕು ವಾರ ಎರಡೂ ಕದಲದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಿ. ಟೇಪು ಸಡಿಲಾಗುತ್ತಿದ್ದರೆ ಕೊಬ್ಬು ಇಳಿಯುತ್ತಲೇ ಇದೆ.

ನಿಜಕ್ಕೂ ನಿಂತಿದೆ ಅಂದಾದರೆ ಎಣ್ಣೆಯಿಂದ ಶುರುಮಾಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಬರುತ್ತಿದ್ದರೆ ಒಬ್ಬರ ಪಾಲು ದಿನಕ್ಕೆ ಸುಮಾರು 33 ಮಿಲಿಲೀಟರ್, ಅಂದರೆ 270 ಕ್ಯಾಲೊರಿ. ಬೆಳಿಗ್ಗೆ ಒಂದು ಸಣ್ಣ ಲೋಟಕ್ಕೆ 80 ಮಿಲಿಲೀಟರ್ ಅಳೆದು ಹಾಕಿ, ಎಣ್ಣೆ ಡಬ್ಬಿಯನ್ನು ಮೇಲಿಟ್ಟುಬಿಡಿ. ಆ ದಿನದ ಒಗ್ಗರಣೆ, ಪಲ್ಯ, ದೋಸೆ ಕಾವಲಿಗೆ ಸವರುವುದು, ಎಲ್ಲವೂ ಆ ಲೋಟದಿಂದಲೇ. ತಲಾ 20 ಮಿಲಿಲೀಟರ್ ಆಯಿತು. ಸರಿಸುಮಾರು 100 ಕ್ಯಾಲೊರಿ ಉಳಿಯಿತು, ಕೊರತೆ ದುಪ್ಪಟ್ಟಾಯಿತು. ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ.

ಲೆಕ್ಕಕ್ಕೆ ಸಿಗದ ಇನ್ನೂ ಕೆಲವಿವೆ. ಟಿ.ವಿ. ನೋಡುತ್ತಾ ತಿಂದ ಒಂದು ಹಿಡಿ ಕಡಲೆಕಾಯಿ ಬೀಜ, 30 ಗ್ರಾಂ, 170 ಕ್ಯಾಲೊರಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಎಸೆಯಲು ಮನಸ್ಸು ಬಾರದೆ ತಾಯಂದಿರು ತಿನ್ನುವುದು. ಬಡಿಸುವಾಗ ಕಣ್ಣಳತೆ ನಿಧಾನವಾಗಿ ಹಿಗ್ಗುತ್ತದೆ. ಒಂದೇ ವಾರ ಅಕ್ಕಿ, ರಾಗಿ ಹಿಟ್ಟನ್ನು ಬೇಯಿಸುವ ಮೊದಲು ತೂಗಿ ನೋಡಿ, ಎಲ್ಲಿ ಹೆಚ್ಚಾಗಿದೆ ಎಂದು ತಾನೇ ಗೊತ್ತಾಗುತ್ತದೆ.

ಕಡಿಮೆ ಮಾಡಬಾರದ್ದು ಪ್ರೋಟೀನ್. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಈ ಹಂತದಲ್ಲಿ ದೇಹದ ಪ್ರತಿ ಕೆ.ಜಿ.ಗೆ 1.2 ಗ್ರಾಂ, 60 ಕೆ.ಜಿ.ಗೆ 72 ಗ್ರಾಂ ಇರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಬೇಳೆ ಅಥವಾ ಹುರುಳಿಯಲ್ಲಿ ಸುಮಾರು 7, 25 ಗ್ರಾಂ ಒಣ ಸೋಯಾ ತುಂಡಿನಲ್ಲಿ 13. ನಮ್ಮ ಸಾರಿನಲ್ಲಿ ನೀರೇ ಹೆಚ್ಚು, ಬೇಳೆ ತಳದಲ್ಲಿರುತ್ತದೆ; ಸೌಟನ್ನು ತಳಕ್ಕೆ ಬಿಟ್ಟು ಬಡಿಸಿಕೊಳ್ಳಿ.

ಪ್ರೋಟೀನ್ ಜೊತೆಗೆ ಸ್ನಾಯುಗಳಿಗೆ ಕೆಲಸವೂ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಅವೂ ಕರಗುತ್ತವೆ. ದಿನ ಬಿಟ್ಟು ದಿನ, ಕೈ ಊರದೆ ಕುರ್ಚಿಯಿಂದ 12 ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು 12 ದಂಡ, ಎರಡು ಲೀಟರ್ ನೀರಿನ ಬಾಟಲಿ ಹಿಡಿದು ಭುಜದ ಮೇಲಕ್ಕೆ 12 ಸಲ ಎತ್ತುವುದು, ಹೀಗೆ ಮೂರು ಸುತ್ತು. ಸುಲಭ ಅನ್ನಿಸಿದರೆ ಬೆನ್ನಿಗೆ 3 ಕೆ.ಜಿ. ಚೀಲ ಹಾಕಿಕೊಳ್ಳಿ. ಊಟ ಕಡಿಮೆಯಾದಾಗ ನಮಗರಿವಿಲ್ಲದೆ ಕೂತಲ್ಲೇ ಕೂರುತ್ತೇವೆ, ಆದ್ದರಿಂದ ದಿನಕ್ಕೆ 2,000 ಹೆಜ್ಜೆ ಹೆಚ್ಚಿಸಿ. ಇಪ್ಪತ್ತು ನಿಮಿಷದ ನಡಿಗೆ ಅಷ್ಟೆ.

ಆರು ತಿಂಗಳಿಂದ ಬಿಡದೆ ಕಡಿಮೆ ತಿನ್ನುತ್ತಿದ್ದು ಸದಾ ಹಸಿವು, ಸಿಡುಕು, ನಿದ್ದೆಗೇಡು ಇದ್ದರೆ, ಎರಡು ವಾರ ಖರ್ಚಿನಷ್ಟೇ ತಿನ್ನಿ. ಅರ್ಧ ಕೆ.ಜಿ. ಏರಿದರೆ ಹೆದರಬೇಡಿ, ಅದರಲ್ಲಿ ಹೆಚ್ಚಿನದು ನೀರು. ಆಮೇಲೆ ಮತ್ತೆ ಶುರುಮಾಡಿ. 1,200 ಕ್ಯಾಲೊರಿಗಿಂತ ಕೆಳಗೆ ಮಾತ್ರ ನೀವಾಗಿಯೇ ಇಳಿಯಬೇಡಿ.

ಮುಟ್ಟು ನಿಂತರೆ, ಕೂದಲು ಹೆಚ್ಚು ಉದುರಿದರೆ, ಮೈಯೆಲ್ಲ ಚಳಿ ಅನ್ನಿಸಿದರೆ ವೈದ್ಯರನ್ನು ಕಂಡು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಸ್ಟಿರಾಯ್ಡ್ ಮಾತ್ರೆಗಳಿಂದಲೂ ತೂಕ ಇಳಿಯದಿರಬಹುದು. ಹಾಗೆಂದು ನೀವೇ ನಿಲ್ಲಿಸುವಂತಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲೇ ಡೋಸ್ ಬಗ್ಗೆ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಹೋಗುವಾಗ ನಾಲ್ಕು ವಾರದ ತೂಕ, ಸುತ್ತಳತೆ ಬರೆದ ಚೀಟಿಯನ್ನೂ ಒಯ್ಯಿರಿ. ನಮಸ್ಕಾರ.