ಕೈಯಲ್ಲಿ ಸೋಪಿನ ನೊರೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಪತ್ರಿಕೋದ್ಯಮದ ಮಕ್ಕಳು ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡರು. "ಸರ್, ಈ ರಿಯಾಲಿಟಿ ಶೋಗಳಲ್ಲಿ ಅಳ್ತಾರಲ್ಲ, ಅದು ನಿಜಾನಾ?" ಟೀ ಲೋಟ ಕೆಳಗಿಡೋಕೂ ಬಿಡಲಿಲ್ಲ. ನಾನು ಹನ್ನೊಂದು ವರ್ಷ ಟಿವಿಗೆ ಸೌಂಡ್ ರೆಕಾರ್ಡ್ ಮಾಡಿದವನು. ಅಳುವವರ ಸೆರಗಿಗೆ, ಕಾಲರಿಗೆ ಮೈಕ್ ಸಿಕ್ಕಿಸೋದೇ ಕೆಲಸ. ನಾನು ಕಂಡಂತೆ ಅಳು ಬಹುತೇಕ ನಿಜವೇ. ಸುಳ್ಳು ಇರೋದು ಬೇರೆ ಕಡೆ. ಅದನ್ನು ಹೇಳೋಕೇ ಇವತ್ತು ಬಂದೆ.

ಕೆಲಸದ ಜಾಗಕ್ಕೇ ಕ್ಯಾಮೆರಾ ಹೊತ್ತುಕೊಂಡು ಹೋಗುವ ಶೋಗಳನ್ನಷ್ಟೇ ತಗೊಳ್ಳೋಣ. ಅಂಡರ್‌ಕವರ್ ಬಾಸ್ ನಿಮಗೆಲ್ಲ ಗೊತ್ತು, ಕಂಪನಿಯ ಬಾಸ್ ವೇಷ ಮರೆಸಿಕೊಂಡು ತನ್ನ ಕೆಲಸಗಾರರ ಜೊತೆಗೇ ದುಡಿಯೋ ಶೋ. ರಾಜ ಮಾರುವೇಷದಲ್ಲಿ ಊರು ಸುತ್ತಿದ ಕಥೆ ಅಜ್ಜಿ ಹೇಳುತ್ತಿದ್ದರಲ್ವಾ, ಅದೇ. 2009ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಶುರುವಾಯಿತು. ಅಮೆರಿಕದ ಸಿಬಿಎಸ್‌ನವರು 2010ರ ಫೆಬ್ರವರಿ 7ರಂದು, ಅಲ್ಲಿನ ಫುಟ್ಬಾಲ್ ಫೈನಲ್ ಸೂಪರ್ ಬೌಲ್ ಮ್ಯಾಚ್ ಮುಗಿದ ಕೂಡಲೇ ಮೊದಲ ಕಂತು ಹಾಕಿದರು. ಮೂರೂವರೆ ಕೋಟಿಗೂ ಜಾಸ್ತಿ ಜನ ನೋಡಿದರು. ವೇಸ್ಟ್ ಮ್ಯಾನೇಜ್‌ಮೆಂಟ್ ಅನ್ನುವ ದೊಡ್ಡ ಕಸದ ಕಂಪನಿ, ಅದರ ಆಗಿನ ಪ್ರೆಸಿಡೆಂಟ್ ಲ್ಯಾರಿ ಓಡಾನೆಲ್. ಅವರು ವೇಷ ಮರೆಸಿಕೊಂಡು ಕಸದ ಲಾರಿ ಹತ್ತುತ್ತಾರೆ. ಡ್ರೈವರ್ ಒಬ್ಬ ಹೆಣ್ಣುಮಗಳು. ಶೌಚಕ್ಕೆ ಅಂತ ಗಾಡಿ ನಿಲ್ಲಿಸಿದರೆ ಆ ದಿನದ ಮನೆಗಳು ಮುಗಿಯೋದಿಲ್ಲ. ಅದಕ್ಕೇ ಆಕೆ ಲಾರಿಯಲ್ಲೇ ಒಂದು ಡಬ್ಬಿ ಇಟ್ಟುಕೊಂಡಿದ್ದಾಳೆ. ಅಷ್ಟು ಕೆಲಸ ಇಷ್ಟೇ ಹೊತ್ತಿನಲ್ಲಿ ಆಗಬೇಕು ಅಂತ ಮೇಲಿಂದ ಒತ್ತಡ ಹಾಕಿದ ಮನುಷ್ಯ ಪಕ್ಕದ ಸೀಟಲ್ಲೇ ಕೂತಿದ್ದಾರೆ. ಅವರ ಮುಖ ನೋಡಬೇಕು ನೀವು. ಅದು ನಟನೆ ಅಂತ ನಾನಂತೂ ಹೇಳಲಾರೆ.

ಬೆಂಗಳೂರಿನಲ್ಲಿ ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಶೌಚಾಲಯ ಸಿಗೋದಿಲ್ಲ ಅಂತ ಎಷ್ಟೋ ಜನ ನೀರೇ ಕಡಿಮೆ ಕುಡಿಯುತ್ತಾರೆ. ಅವರ ರಸ್ತೆಗೆ ಯಾವ ರಾಜನೂ ಮಾರುವೇಷದಲ್ಲಿ ಬಂದಿಲ್ಲ.

ಕಂತಿನ ಕೊನೆಗೆ ಏನಾಗುತ್ತೆ? ಬಾಸ್ ಸೂಟು ಹಾಕಿಕೊಂಡು ನಿಜ ಹೇಳುತ್ತಾರೆ, ತಬ್ಬಿಕೊಳ್ಳುತ್ತಾರೆ, ಒಬ್ಬರಿಗೆ ಬಡ್ತಿ, ಇನ್ನೊಬ್ಬರಿಗೆ ಸಹಾಯ. ನಮ್ಮ ಕಣ್ಣೂ ಒದ್ದೆ. ಆದರೆ ಆ ಕಂಪನಿಯಲ್ಲಿ ಆಗ 40 ಸಾವಿರಕ್ಕೂ ಹೆಚ್ಚು ಜನ ಇದ್ದರು. ಕ್ಯಾಮೆರಾ ಕಂಡದ್ದು ಬೆರಳೆಣಿಕೆಯಷ್ಟು ಮಂದಿಯನ್ನು. ಸಂಕಟ ಎಲ್ಲರದು, ಪರಿಹಾರ ಮಾತ್ರ ಕ್ಯಾಮೆರಾಗೆ ಸಿಕ್ಕಿದವರದು. ಅದಕ್ಕೇ ಹೇಳ್ತೀನಿ, ಅಳು ನಿಜ, ಅದರ ಹಿಂದೆ ಮುಂದೆ ಏನು ಜೋಡಿಸಿದರು ಅನ್ನೋದನ್ನು ನೋಡಿ.

ಇದನ್ನು ನಾನು ಕಲಿತದ್ದು ಒಂದು ಹೋಟೆಲಿನ ಹಿಂಭಾಗದಲ್ಲಿ, ಪಾತ್ರೆ ತೊಳೆಯೋ ತೊಟ್ಟಿ ಹತ್ತಿರ. ಯಾವ ಊರು, ಯಾವ ಚಾನೆಲ್ ಬೇಡ. ದುಡಿಯುವವರ ಬದುಕು ತೋರಿಸೋ ಶೋ. ಅಲ್ಲಿ ಪಾತ್ರೆ ತೊಳೆಯುವ ಅಕ್ಕ ಒಬ್ಬರು ಮಾತಾಡುತ್ತಿದ್ದರು. ಎರಡು ತಿಂಗಳ ಸಂಬಳ ಬಂದಿಲ್ಲ, ಮಗನ ಫೀಸು ಕಟ್ಟಿಲ್ಲ ಅನ್ನುತ್ತಾ ಅತ್ತರು. ಎರಡೂ ಕೈ ಮೊಣಕೈವರೆಗೆ ಸೋಪಿನ ನೊರೆ, ಹಾಗಾಗಿ ತೋಳಿನಿಂದ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಒಳಗೆ ಯಾರೋ ಗ್ರೈಂಡರ್ ಹಾಕಿದರು. ಸೌಂಡ್ ಪೂರ್ತಿ ಹಾಳು. ನಾನೇ ಹೆಡ್‌ಫೋನ್ ತೆಗೆದು ಕೈ ಎತ್ತಿದೆ. ಡೈರೆಕ್ಟರ್ "ಅಮ್ಮಾ, ಇನ್ನೊಂದ್ಸಲ" ಅಂದರು. ಅಕ್ಕ ಮತ್ತೆ ಹೇಳಿದರು, ಮತ್ತೆ ಅತ್ತರು, ಮತ್ತೆ ತೋಳಿನಿಂದಲೇ ಒರೆಸಿಕೊಂಡರು.

ಮೈಕ್ ಬಿಚ್ಚುವಾಗ ನನಗೆ ಮುಜುಗರ. ಎರಡೆರಡು ಸಲ ಅಳಿಸಿದೆವು, ತಪ್ಪಾಯ್ತು ಅಕ್ಕಾ ಅಂದೆ. ಅವರು ಏನಂದರು ಗೊತ್ತಾ? "ಮೊದಲ್ನೇ ಸಲ ಹೇಳ್ಬೇಕೋ ಬ್ಯಾಡ್ವೋ ಅಂತ ಹೆದ್ರಿಕೆ ಇತ್ತಪ್ಪ. ಎರಡ್ನೇ ಸಲ ಅತ್ತಿದ್ದೇ ಮನಸಾರೆ." ರೀಟೇಕ್ ಅಂದರೆ ಸುಳ್ಳು ಅನ್ನುವವರು ಇದಕ್ಕೆ ಏನು ಹೇಳ್ತೀರಿ?

ಆಮೇಲೆ ಕಂತು ಬಂತು. ಸಂಬಳದ ಮಾತು ಇಲ್ಲ. ಹೋಟೆಲ್ ಮಾಲೀಕರು ಅಕ್ಕನಿಗೆ ಸೀರೆ, ಕುಕ್ಕರ್ ಕೊಡುವ ದೃಶ್ಯ ಬಂತು, ಅದರ ಬೆನ್ನಿಗೇ ಈ ಅಳು. ಕೃತಜ್ಞತೆಯ ಕಣ್ಣೀರು! ಹಿಂದೆ ಕೊಳಲು ಬೇರೆ. ಸೀರೆ ತಗೊಳ್ಳುವಾಗ ಅಕ್ಕನ ಕೈ ಒಣಗಿದೆ, ಮರುಕ್ಷಣ ಅಳುವಾಗ ಮೊಣಕೈವರೆಗೆ ನೊರೆ. ಯಾರೂ ಗಮನಿಸಲಿಲ್ಲ. ಅಕ್ಕ ಮಾತ್ರ ನನಗೆ ಫೋನ್ ಮಾಡಿ ಕೇಳಿದರು, "ಅಳೋದು ಹಾಕಿದ್ರಿ. ಸಂಬಳದ್ ಮಾತು ಎಲ್ಲೋಯ್ತಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಏನನ್ನೂ ಜೋಡಿಸದೆ, ಇದ್ದದ್ದು ಇದ್ದ ಹಾಗೆ ತೋರಿಸಿದರೆ ಸರಿಯಾ? ಅದೂ ಸಾಲದು. 2011ರಲ್ಲಿ ನ್ಯೂಯಾರ್ಕಿನಲ್ಲಿ ಕಸದ ಲಾರಿ ಬಡಿದ ಒಬ್ಬ ಹಿರಿಯರನ್ನು ನ್ಯೂಯಾರ್ಕ್-ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ತಂದರು. ಡಾಕ್ಟರುಗಳ ದಿನಚರಿ ತೋರಿಸುವ ಎನ್‌ವೈ ಮೆಡ್ ಶೋಗೆ ಅಲ್ಲಿ ಶೂಟಿಂಗ್ ನಡೀತಿತ್ತು. ಅವರು ತೀರಿಕೊಂಡರು. ಕ್ಯಾಮೆರಾ ಓಡುತ್ತಲೇ ಇತ್ತು. ಮನೆಯವರನ್ನು ಯಾರೂ ಕೇಳಲಿಲ್ಲ. 2012ರ ಆಗಸ್ಟಿನಲ್ಲಿ ಅವರ ಹೆಂಡತಿ ಮನೆಯಲ್ಲಿ ಸುಮ್ನೆ ಟಿವಿ ನೋಡುತ್ತಿದ್ದರು. ಮುಖ ಮಸುಕು ಮಾಡಿದ್ದರು. ಆದರೂ ಗೊತ್ತಾಯಿತು, ಅದು ತನ್ನ ಗಂಡ. ಮಾತಿನ ಧಾಟಿ ಮುಚ್ಚಿಡೋಕೆ ಆಗುತ್ತಾ? ಅಲ್ಲಿ ಒಂದು ಫ್ರೇಮೂ ಸುಳ್ಳಲ್ಲ. ಆದರೂ ಹೀಗೆ ಕೇಳದೆ ಶೂಟಿಂಗಿಗೆ ಬಿಟ್ಟದ್ದಕ್ಕೆ 2016ರಲ್ಲಿ ಆಸ್ಪತ್ರೆ 22 ಲಕ್ಷ ಡಾಲರ್ ಕಟ್ಟಿ ಸರ್ಕಾರದ ಜೊತೆ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಅದೇ ವರ್ಷ ನ್ಯೂಯಾರ್ಕಿನ ಮೇಲಿನ ಕೋರ್ಟು, ರೋಗಿಯ ಗುಟ್ಟು ಬಯಲಾದ ಬಗ್ಗೆ ಮನೆಯವರು ದಾವೆ ನಡೆಸಬಹುದು, ಮನಸ್ಸಿಗಾದ ನೋವಿನ ಬಗ್ಗೆ ಆಗೋದಿಲ್ಲ ಅಂದಿತು. ಈ ಎರಡನೇ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಡೆಡ್ಲಿಯೆಸ್ಟ್ ಕ್ಯಾಚ್ ಬಗ್ಗೆ ತುಂಬಾ ಹೇಳೋದಿತ್ತು, ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುವವರ ಶೋ. 2010ರಲ್ಲಿ ಕ್ಯಾಪ್ಟನ್ ಫಿಲ್ ಹ್ಯಾರಿಸ್‌ಗೆ ಪಾರ್ಶ್ವವಾಯು ಹೊಡೆಯಿತು, ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು. ಶೂಟಿಂಗ್ ನಿಲ್ಲಿಸಬೇಡಿ ಅಂತ ಅವರೇ ಹೇಳಿದ್ದರು ಅನ್ನುತ್ತದೆ ಆ ತಂಡ. ಆಸ್ಪತ್ರೆಯ ಆ ಹಿರಿಯರದು, ಈ ಕ್ಯಾಪ್ಟನ್ನರದು, ಎರಡೂ ಸಾವೇ. ಕ್ಯಾಪ್ಟನ್ ಕಡೆ ಒಪ್ಪಿಗೆ ಇತ್ತು, ಆಸ್ಪತ್ರೆ ಕಡೆ ಕೇಳಲೇ ಇಲ್ಲ. ಮತ್ತೆ ಫ್ರಾಂಕನ್‌ಬೈಟ್: ಎರಡು ಬೇರೆ ಮಾತಿನ ತುಂಡು ಅಂಟಿಸಿ ಒಂದು ವಾಕ್ಯ ಮಾಡೋದು. ಮಾತಾಡುವವರ ಮುಖ ಕಾಣದೆ ಬರೀ ದನಿ ಓಡುತ್ತಿದ್ದರೆ ಅಲ್ಲಿ ಕಿವಿ ಕೊಡಿ, ಹೊಲಿಗೆ ಕೇಳಿಸುತ್ತೆ.

ಕೊನೆಗೊಂದು ಕೆಲಸದ ಮಾತು. ಅಕ್ಕನ ಹತ್ತಿರ ನಾವು ಸಹಿ ಹಾಕಿಸಿಕೊಂಡ ಕಾಗದ ಇಂಗ್ಲಿಷಿನಲ್ಲಿತ್ತು, ಆರು ಪುಟ. ನಾನು ಒಂದೇ ಪುಟದ್ದು ಕನ್ನಡದಲ್ಲಿ ಬರೆದು ತಂದಿದ್ದೀನಿ. ಓದಿ ಹೇಳಿದ ಮೇಲೇ ಸಹಿ, ಪ್ರಸಾರಕ್ಕೆ ಮೊದಲು ಅವರಿಗೆ ತೋರಿಸಬೇಕು, ಬೇಡ ಅಂದರೆ ತೆಗೆಯಬೇಕು. ಮೂರೇ ಸಾಲು. ನಾಳೆ ನೀವು ಕ್ಯಾಮೆರಾ ಹಿಡಿಯುವವರು. ಪ್ರತಿಗಳು ಆ ಟೇಬಲ್ ಮೇಲಿವೆ, ಹೋಗುವಾಗ ತಗೊಂಡು ಹೋಗಿ, ತಪ್ಪಿದ್ದರೆ ತಿದ್ದಿ ಕಳಿಸಿ.